ಎಡಗಡೆ ಗಾಜಿಗೆ ಬೆಲ್ಲ-ಸುಣ್ಣ

ನಮ್ಮ ಕಡೆ ಕಾರಿನ ಮುಂದಿನ ಗಾಜು ಒಡೆದರೆ ಅದೇ ದಿನ ಹಾಕಿಸುತ್ತಾರೆ. ರಸ್ತೆ ಕಾಣಬೇಕಲ್ಲ. ಪಕ್ಕದ ಗಾಜಿಗೆ ಏನಾದರೂ ಆದರೆ ಯಾರೂ ಅವಸರ ಪಡುವುದಿಲ್ಲ. ಅದರಲ್ಲಿ ಕಾಣುವುದು ಬರೀ ಕಬ್ಬಿನ ಗದ್ದೆ. ಕಬ್ಬಿನ ಗದ್ದೆಯನ್ನು ಎಲ್ಲರೂ ಮೊದಲೇ ನೋಡಿರುತ್ತಾರೆ.

ದುದ್ದದ ಕೆಂಪಯ್ಯನ ಕಾರಿನಲ್ಲಿ ಹಿಂದಿನ ಎಡಗಡೆ ಬಾಗಿಲಿನ ಗಾಜು ಹೀಗೆಯೇ ಎರಡು ವರ್ಷ ಕಳೆದಿತ್ತು.

ಕೆಂಪಯ್ಯನಿಗೆ ಊರಾಚೆ ಒಂದು ಆಲೆಮನೆ ಇದೆ. ಕಬ್ಬು ಅರೆದು, ಹಾಲು ಕಾಯಿಸಿ, ಅಚ್ಚು ಬೆಲ್ಲ ಹುಯ್ಯುವುದು ಅವನ ಕೆಲಸ. ಕಾರು ಹಳೆಯದು. ಗಾಜು ಏರಿಸಲು ಇಳಿಸಲು ಕೈಯಲ್ಲಿ ಹಿಡಿ ತಿರುಗಿಸಬೇಕು. ಎಡಗಡೆಯ ಹಿಡಿ ಮಾತ್ರ ಎಷ್ಟು ತಿರುಗಿಸಿದರೂ ಸುಮ್ಮನೆ ತಿರುಗುತ್ತಿತ್ತು. ಗಾಜು ತನ್ನಷ್ಟಕ್ಕೆ ನಾಲ್ಕು ಬೆರಳು ಇಳಿದು ನಿಲ್ಲುತ್ತಿತ್ತು. ಕೆಂಪಯ್ಯ ಕಬ್ಬು ಕಡಿಯುವ ಮಚ್ಚಿನ ತುದಿಯನ್ನು ಗಾಜಿಗೆ ಕೊಟ್ಟು ಮೇಲಕ್ಕೆ ಮೀಟುತ್ತಿದ್ದ. ಆಮೇಲೆ ಕೆಳಗಿನ ಸಂದಿಗೆ ಒಂದು ತುಂಡು ಕಬ್ಬನ್ನು ಬೆಣೆಯಾಗಿ ಸಿಕ್ಕಿಸುತ್ತಿದ್ದ. ಕಬ್ಬು ಒಣಗಿ ಸಣ್ಣಗಾದರೆ ಗಾಜು ಮತ್ತೆ ಇಳಿಯುತ್ತಿತ್ತು. ಆಗ ಹೊಸ ಕಬ್ಬು. ಆಲೆಮನೆಯವನಿಗೆ ಕಬ್ಬಿಗೇನು ಬರ.

ಹೀಗೆ ಏರಿಸಿದ ಮೇಲೂ ಒಂದು ಬೆರಳು ಸಂದಿ ಉಳಿಯುತ್ತಿತ್ತು. ಆ ಸಂದಿಯಲ್ಲಿ ಗಾಳಿ ನುಗ್ಗಿ ಕಾರು ಶಿಳ್ಳೆ ಹೊಡೆಯುತ್ತಿತ್ತು. ನಲವತ್ತರ ವೇಗದಲ್ಲಿ ಅದು ಹುಡುಗರ ಶಿಳ್ಳೆ. ಅರವತ್ತಕ್ಕೆ ಪೊಲೀಸರ ಶಿಳ್ಳೆ. ಕೆಂಪಯ್ಯನ ಕಾರು ಹಿಂದೆ ಬಂತೆಂದರೆ ಮಂಡ್ಯ ರಸ್ತೆಯಲ್ಲಿ ಬೈಕಿನವರು ಹ್ಯಾಂಡಲಿಗೆ ನೇತು ಹಾಕಿದ್ದ ಹೆಲ್ಮೆಟ್ಟನ್ನು ತೆಗೆದು ತಲೆಗೆ ಹಾಕಿಕೊಳ್ಳುತ್ತಿದ್ದರು. ಒಮ್ಮೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಹಾಲಿನವನೂ ಗಾಬರಿಯಾಗಿ ಕ್ಯಾನಿನ ಮುಚ್ಚಳವನ್ನು ತಲೆಯ ಮೇಲೆ ಇಟ್ಟುಕೊಂಡ.

ಮಚ್ಚಿನಿಂದ ಮೀಟಿ ಮೀಟಿ ಗಾಜಿನ ಮೇಲಂಚಿನಲ್ಲಿ ಅಕ್ಕಿ ಕಾಳಿನಷ್ಟು ಮುಕ್ಕಾಯಿತು. ಮಚ್ಚು ಜಾರಿದ ಕಡೆ ಗೇಣುದ್ದ ಗೀರೂ ಬಿತ್ತು. ಕೆಂಪಯ್ಯ ಅದನ್ನು ಅಲಕ್ಷ್ಯ ಮಾಡಲಿಲ್ಲ. ಆಲೆಮನೆಯಿಂದ ಬಿಸಿ ಬೆಲ್ಲ ತಂದು, ಸುಣ್ಣ ಕಲಸಿ, ಮುಕ್ಕಿನ ಮೇಲೂ ಗೀರಿನ ಮೇಲೂ ಮೆತ್ತಿದ. ಹಳೆಯ ಕಾಲದ ಗಾರೆ ಹಾಗೆಯೇ ಮಾಡುತ್ತಿದ್ದರು ಎಂದು ಅವನು ಕೇಳಿದ್ದ.

ಬೆಲ್ಲದ ವಾಸನೆಗೆ ಇರುವೆ ಬಂದವು. ಮೊದಲ ದಿನ ಒಂದು ಸಾಲು. ಒಂದು ವಾರದಲ್ಲಿ ದುದ್ದದಲ್ಲಿ ಹತ್ತಿ ಮಂಡ್ಯದಲ್ಲಿ ಇಳಿಯುವ ಇರುವೆಗಳು ಬೇರೆ, ಮಂಡ್ಯದಲ್ಲಿ ಹತ್ತಿ ಊರಿಗೆ ವಾಪಸಾಗುವ ಇರುವೆಗಳು ಬೇರೆ ಎಂದಾಯಿತು. ಸಂಜೆ ಹೊತ್ತು ಸ್ವಲ್ಪ ರಶ್ಶು ಇರುತ್ತಿತ್ತು.

ಇಷ್ಟು ದಿನ ಆ ಕಾರಿನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದುದು ಬೆಲ್ಲದ ಪೆಟ್ಟಿಗೆ. ಪೆಟ್ಟಿಗೆಗೆ ಗಾಜಿನ ಬಗ್ಗೆ ಅಭಿಪ್ರಾಯ ಇರಲಿಲ್ಲ. ಈಗ ಸಂಗತಿ ಬದಲಾಗಿತ್ತು. ಕೆಂಪಯ್ಯನ ಮಗಳು ದೀಪಿಕಳನ್ನು ಮಳವಳ್ಳಿಗೆ ಕೊಟ್ಟಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಬೇಕೆಂದು ದಿನ ನೋಡುತ್ತಿರುವಾಗಲೇ, ಮೂರು ವಾರ ಮುಂಚೆ, ಅಲ್ಲಿಯೇ ಹೆರಿಗೆಯಾಗಿ ಹೆಣ್ಣು ಮಗು ಹುಟ್ಟಿತು. ಹೆರಿಗೆ ಅಲ್ಲಾದರೂ ಬಾಣಂತನ ನಮ್ಮಲ್ಲೇ ಆಗಬೇಕೆಂದು ಕೆಂಪಯ್ಯನ ಹೆಂಡತಿ ಚಲುವಮ್ಮ ಹಟ ಹಿಡಿದಳು. ಹದಿನಾರನೇ ದಿನ, ಗುರುವಾರ, ತಾಯಿ ಮಗುವನ್ನು ಈ ಕಾರಿನಲ್ಲಿ ಕರೆತರುವುದೆಂದು ಗೊತ್ತಾಯಿತು.

ಮಂಗಳವಾರ ಸಂಜೆ ಪಕ್ಕದ ಬೀದಿಯ ನಾಗರತ್ನ ಎರಡು ಅಚ್ಚು ಬೆಲ್ಲಕ್ಕೆಂದು ಆಲೆಮನೆಗೆ ಬಂದಳು. ನಾಗರತ್ನ ಮಂಡ್ಯದಲ್ಲಿ ಗಾಡಿಗಳಿಗೆ ಗಾಜು ಹಾಕುವ ಒಂದು ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದಾಳೆ. ಒಡೆದ ಗಾಜು ಗುಡಿಸುವ ಕೆಲಸಕ್ಕೆ ಸೇರಿದವಳು, ಈಗ ಹೊಸ ಗಾಜು ಕೂರಿಸುತ್ತಾಳೆ. ಅವಳು ಬೆಲ್ಲ ಕೇಳುವುದನ್ನು ಬಿಟ್ಟು ಕಾರಿನ ಹತ್ತಿರ ಹೋಗಿ ನಿಂತಳು.

"ಕೆಂಪಣ್ಣ, ಗಾಜಿನ ಮ್ಯಾಲೆ ಇದೇನು ಬಿಳೀದು? ಕಾಗೆ ಮಾಡದಾ?"

"ಕಾಗೆ ಅಲ್ಲ ಕಣವ್ವ. ನಾನೇ ಮಾಡಿರದು."

ಕೊಪ್ಪರಿಗೆ ಮುಂದೆ ಪಾಕ ತಿರುವುತ್ತಿದ್ದ ಹಳೆಯ ಗೆಳೆಯ ಶಿವಣ್ಣ ತಲೆಯೆತ್ತದೆ ಹೇಳಿದ. "ಅದು ಊರ್ಗೆಲ್ಲ ಗೊತ್ತದೆ ಬುಡ್ಲಾ. ಕಾಗೆ ಆಗಿದ್ರೆ ಇಸ್ಟೊತ್ಗೆ ನಾಚ್ಕೊಂಡು ಊರು ಬುಟ್ಟೋಗಿರದು."

"ಸುಮ್ಕೆ ಪಾಕ ನೋಡ್ಲಾ ನೀನು," ಎಂದು ಕೆಂಪಯ್ಯ ನಾಗರತ್ನಳ ಕಡೆ ತಿರುಗಿದ. "ಬೆಲ್ಲ-ಸುಣ್ಣ ಕಣವ್ವ. ನಮ್ಮ ತಾತ ಕೆರೆ ತೂಬು ಕಟ್ಟಿದ್ದು ಇದ್ರಾಗೇ. ನೂರು ವರ್ಸ ಆಯ್ತು. ಒಂದ್ ಕಲ್ಲು ಅಲ್ಲಾಡಿಲ್ಲ."

"ತೂಬು ಅರವತ್ತರ ಸ್ಪೀಡಲ್ಲಿ ಓಡ್ತದಾ ಅಣ್ಣ?"

ಶಿವಣ್ಣ ಕೆಮ್ಮಿದ. ಅದು ಹೊಗೆಯಿಂದ ಬಂದ ಕೆಮ್ಮಾಗಿರಲಿಲ್ಲ.

ನಾಗರತ್ನ ಬಾಗಿಲನ್ನು ಮೆಲ್ಲಗೆ ತೆರೆದಳು. ಕಬ್ಬಿನ ಬೆಣೆಯನ್ನು ಮುಟ್ಟಲಿಲ್ಲ. ಕೈಚೀಲದಿಂದ ದಪ್ಪ ಬಟ್ಟೆ ತೆಗೆದು ಗೀರಿನ ಮೇಲಿನ ಗಾರೆಯನ್ನು ಒರೆಸಿದಳು. ಅಂಚಿನ ಹತ್ತಿರ ಬೆರಳು ಒಯ್ಯದೆ, ನಡುವೆ ಗೀರು ಇದ್ದ ಕಡೆ ಉಗುರನ್ನು ಹಗುರವಾಗಿ ಅಡ್ಡಲಾಗಿ ಆಡಿಸಿದಳು. ಉಗುರು ತಡೆಯಿತು.

"ಉಗುರು ತಡೀತದೆ ನೋಡಿ. ಆಳದ ಗೀರು. ಉಜ್ಜುದ್ರೆ ಓಗಲ್ಲ. ಅದ್ರ ಜೊತ್ಗೆ ಅಂಚು ಮುಕ್ಕಾಗದೆ. ಈ ಗಾಜು ಮುಗೀತು ಅಣ್ಣ. ಬದಲಾಯ್ಸಿ."

"ಬಿರುಕೇ ಬುಟ್ಟಿಲ್ಲ, ಮುಗೀತು ಅಂದ್ರೆ ಎಂಗೆ? ನಮ್ ಬೀಗರ ಕಾರ್ದು ಮುಂದಿನ ಗಾಜು ಆರು ತಿಂಗ್ಳಿಂದ ಬಿರುಕು ಬುಟ್ಕೊಂಡು ಓಡಾಡ್ತದೆ."

"ಅದು ತಪ್ಪೇಯ. ಆದ್ರೆ ಆ ಗಾಜೇ ಬ್ಯಾರೆ. ಮುಂದಿನದು ಎರಡು ಗಾಜು, ಮದ್ಯ ಒಂದು ಹಾಳೆ ಅಂಟ್ಸಿರ್ತಾರೆ. ಒಡದ್ರೂ ಹಾಳೆ ಇಡ್ಕೊಂಡಿರ್ತದೆ. ಸಣ್ಣ ಏಟಾದ್ರೆ ತುಂಬಿ ಸರಿ ಮಾಡ್ಬೋದು. ಪಕ್ಕದ್ದು ಒಂದೇ ಗಾಜು. ಸಂದಾಗಿ ಕಾಯ್ಸಿ, ತಟ್ನೆ ಗಾಳಿ ಊದಿ ಆರಿಸಿರ್ತಾರೆ. ಅದ್ರಿಂದ ಗಟ್ಟಿ ಬತ್ತದೆ. ಆದ್ರೆ ಒಡಿಯೋವಾಗ ಒಂದು ಮೂಲೆ ಒಡಿಯಲ್ಲ. ಇಡೀ ಗಾಜು ಒಂದೇ ಏಟ್ಗೆ ಪುಡಿ ಆಯ್ತದೆ."

"ಯಾವಾಗ?"

"ಅದು ಯೋಳಿ ಬರಲ್ಲ. ಬಾಗ್ಲು ಜೋರಾಗಿ ಆಕ್ದಾಗ ಆಗ್ಬೋದು. ಗುಂಡಿಗೆ ಚಕ್ರ ಬಿದ್ದಾಗ ಆಗ್ಬೋದು. ಬಿಸ್ಲಲ್ಲಿ ಕಾದಿರೋ ಗಾಜಿಗೆ ತಣ್ಣೀರು ಎರಚಿದಾಗ ಆಗ್ಬೋದು. ಮುಂದಿನ ಗಾಜು ಬಿರುಕು ಬುಟ್ಟು ತಿಂಗ್ಳುಗಟ್ಲೆ ಯೋಳ್ತದೆ. ಇದು ಮುಕ್ಕಾಗಿ ಒಂದೇ ಮಾತು ಯೋಳ್ತದೆ. ನೀವು ಅದ್ರ ಬಾಯ್ಗೆ ಬೆಲ್ಲ ಮೆತ್ತಿದೀರಿ."

ಕೆಂಪಯ್ಯ ಒಪ್ಪುವ ಜಾತಿಯವನಲ್ಲ. ಅವನು ಗಾಜನ್ನು ಬಿಟ್ಟು ನಾಗರತ್ನಳನ್ನೇ ಪರೀಕ್ಷಿಸಿದ.

"ನೀನು ಅಂಗ್ಡಿಯೋಳು. ಗಾಜು ಮಾರಕ್ಕೆ ಯೋಳ್ತೀಯ."

"ಮಾರಕ್ಕಾಗಿದ್ರೆ ನಾಲ್ಕೂ ಬದಲಾಯ್ಸಿ ಅಂತಿದ್ದೆ," ಎಂದು ನಾಗರತ್ನ ಕಾರಿನ ಸುತ್ತ ಒಂದು ಸುತ್ತು ಬಂದಳು. "ಈ ಬಲಗಡೆದು ನೋಡಿ. ದೂಳಿನ ಬಟ್ಟೇಲಿ ಒರ್ಸಿ ಒರ್ಸಿ ಕೂದಲೆಳೆ ಗೀರು ಬಿದ್ದದೆ. ಉಗುರಿಗೆ ಸಿಕ್ಕಲ್ಲ. ಇದ್ರೊಳಗಿಂದ ನೋಡಿದ್ರೆ ಪಕ್ಕದ ಕನ್ನಡಿ ಸಂದಾಗಿ ಕಾಣ್ತದೆ. ಇದಕ್ಕೂ ಇದ್ರ ಹಿಂದಿನದಕ್ಕೂ ಏನೂ ಬ್ಯಾಡ. ಮುಂದ್ಗಡೆ ಎಡಗಡೆದು ಗಡಗಡ ಅಂತದೆ, ಮಳೆ ನೀರೂ ಇಳ್ದು ಕರೆ ಆಗದೆ. ಅದು ಗಾಜಿನ ತಪ್ಪಲ್ಲ, ಸುತ್ತ ಇರೋ ರಬ್ಬರು ಅರ್ದಿರದು. ರಬ್ಬರು ಆಕ್ಸಿ ಸಾಕು. ನಿಮ್ಮ ಈ ಗಾಜು ತಾನಾಗೇ ಇಳಿಯೋದೂ ಅಸ್ಟೇ, ಒಳ್ಗಡೆ ಗಾಜು ಇಡ್ಕೊಳ್ಳೋ ಕ್ಲಿಪ್ಪು ಮುರ್ದದೆ. ಎರಡು ವರ್ಸದ ಕೆಳಗೆ ಕ್ಲಿಪ್ಪು ಆಕ್ಸಿದ್ರೆ ಗಾಜು ಉಳ್ಕೊಳ್ತಿತ್ತು. ಮಚ್ಚು ಆಕುದ್ರಿ."

"ನಾಲ್ಕರಲ್ಲಿ ಮೂರು ಪಾಸು ಕಣ್ಲಾ ಕೆಂಪ," ಎಂದ ಶಿವಣ್ಣ. "ನಿನ್ ಮಾರ್ಕ್ಸ್ ಕಾರ್ಡಿಗಿಂತ ವಾಸಿ."

ಕೆಂಪಯ್ಯ ಕೊನೆಯ ಪಟ್ಟು ಹಾಕಿದ. "ಆ ಮುಕ್ಕಿಗೆ ಏನಾರ ಅಂಟು ಆಕಿ ನಿಲ್ಸಕ್ಕಾಗಲ್ವಾ? ನಿಮ್ಮ ಅಂಗ್ಡೀಲಿ ಅಂಟೇ ಇಲ್ವಾ?"

ನಾಗರತ್ನ ತಣ್ಣಗಾಗುತ್ತಿದ್ದ ಬೆಲ್ಲದ ಸಾಲಿನ ಕಡೆ ಕೈ ತೋರಿಸಿದಳು. "ಅಚ್ಚು ಒಡ್ದೋದ್ರೆ ನೀವು ಅಂಟಾಕಿ ಮಾರ್ತೀರಾ ಅಣ್ಣ?"

"ಯಾವನಾರ ಅಂಟಾಕ್ತಾನಾ. ತಿರ್ಗ ಕೊಪ್ಪರಿಗೆಗೆ ಆಕಿ ಕಾಯ್ಸಿ ಉಯ್ಬೇಕು."

"ಇದೂ ಅಂಗೇಯ. ಕಾಯ್ಸಿ ಮಾಡಿರೋ ಸಾಮಾನು. ತ್ಯಾಪೆ ನಿಲ್ಲಲ್ಲ."

ಆಗ ಚಲುವಮ್ಮ ಬುತ್ತಿ ತೆಗೆದುಕೊಂಡು ಬಂದಳು. ನಾಗರತ್ನ ಅವಳನ್ನು ಕೇಳಿದಳು.

"ಅಕ್ಕ, ಗುರುವಾರ ಈ ಪಕ್ಕ ಯಾರು ಕುಂತ್ಕೊಳ್ಳೋರು?"

"ಇನ್ಯಾರವ್ವ, ದೀಪಿಕ. ರಸ್ತೆ ಅಂಚಿಂದ ಅತ್ತಕ್ಕೆ ಎಡಗಡೆನೇ ಅನುಕೂಲ. ಮಗೀನ ಪಕ್ಕದಲ್ಲೇ ಮೆತ್ಗೆ ಬಟ್ಟೆ ಆಸಿ ಮಲಗ್ಸ್ಕತಾಳೆ." ಚಲುವಮ್ಮ ಗಾಜಿನ ಮೇಲಿನ ಸಂದಿಯನ್ನು ನೋಡಿದಳು. "ಈ ಸಂದಿಯೊಂದು ಮುಚ್ಚುದ್ರೆ ಸಾಕು. ಅಸಿ ಬಾಣಂತಿ. ಗಾಳಿ ತಾಗ್ಬಾರ್ದು."

"ಗಾಳಿ ಇರ್ಲಿ ಅಕ್ಕ. ಗಾಜು ತಾಗ್ಬಾರ್ದು."

ಚಲುವಮ್ಮ ಬುತ್ತಿಯನ್ನು ಕೆಳಗಿಟ್ಟು ಗಂಡನನ್ನು ನೋಡಿದಳು. ಕೆಂಪಯ್ಯ ಮುಖ ತಿರುಗಿಸಿದ.

"ನಾಳಿಕ್ಕೆ ಅಂಗ್ಡಿಗೆ ತನ್ನಿ," ಎಂದಳು ನಾಗರತ್ನ. "ಅರ್ಧ ದಿನದ ಕೆಲ್ಸ."

"ನಾಳಿಕ್ಕೆ ಎರಡು ಕೊಪ್ಪರಿಗೆ ಇಳಿಸ್ಬೇಕು. ಪುರುಸೊತ್ತಿಲ್ಲ. ಗುರುವಾರ ಓಗೋವಾಗ ಆ ಜಾಗದಾಗೆ ನಾನೇ ಕುಂತ್ಕತೀನಿ. ಏನಾಯ್ತದೋ ನೋಡೇ ಬುಡ್ಮ."

"ಬ್ಯಾಡ ಅಣ್ಣ. ಅದು ಕುಂತ್ಕೊಂಡು ಪರೀಕ್ಸೆ ಮಾಡೋ ಸಾಮಾನಲ್ಲ. ಅಂಗೂ ಓಗ್ಲೇಬೇಕು ಅಂದ್ರೆ ಆ ಕಡೆ ಯಾರ್ನೂ ಕೂರಿಸ್ಬೇಡಿ. ಆ ಬಾಗ್ಲು ತೆಗಿಲೇಬೇಡಿ."

ಅವಳು ಎರಡು ಅಚ್ಚು ಬೆಲ್ಲ ತೆಗೆದುಕೊಂಡು ಹೋದಳು. ಕೆಂಪಯ್ಯ ಇನ್ನೊಂದು ಕೈ ಗಾರೆ ಮೆತ್ತಿದ.

ಗುರುವಾರ ಬೆಳಿಗ್ಗೆ ಹೊರಟಾಗ ಕಾರು ಓಡಿಸಿದ್ದು ಮಗ ಅಪ್ಪು. ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ಕೆಲಸದಲ್ಲಿರುವ ಅವನು ರಜೆ ಹಾಕಿದ್ದ. ಮುಂದೆ ಚಲುವಮ್ಮ. ಹಿಂದೆ ಎಡಗಡೆ ಗಾಜಿನ ಪಕ್ಕದಲ್ಲಿ, ಹೇಳಿದಂತೆಯೇ, ಕೆಂಪಯ್ಯ. ಅವನ ಪಕ್ಕದ ಸೀಟಿನ ಮೇಲೆ ಮಗುವಿಗೆಂದು ಚಲುವಮ್ಮ ಹೊಲಿದ ಕೌದಿ. ಹಳೆಯ ಸೀರೆಗಳನ್ನು ಮೂರು ಸಲ ಒಗೆದು, ಬಿಸಿಲಿನಲ್ಲಿ ಒಣಗಿಸಿ, ನಾಲ್ಕು ಮಡಿಕೆ ಮಾಡಿ ಹೊಲಿದದ್ದು.

ಮಳವಳ್ಳಿಯ ಬೀಗರು ದೇವರಾಜು ಫೋನಿನಲ್ಲಿ ಎರಡು ಸಲ ಎಚ್ಚರಿಸಿದ್ದರು. ಒಂದೂವರೆಗೆ ರಾಹುಕಾಲ ಶುರು. ಅದಕ್ಕೆ ಮುಂಚೆ ತಾಯಿ ಮಗು ಹೊಸಿಲು ದಾಟಬೇಕು.

ಮಂಡ್ಯ ದಾಟಿತು. ಗೆಜ್ಜಲಗೆರೆ ದಾಟಿತು. ಗಾಜಿಗೆ ಏನೂ ಆಗಲಿಲ್ಲ. ಗಾರೆ ದಪ್ಪಗಿದ್ದುದರಿಂದ ಶಿಳ್ಳೆಯೂ ಸಣ್ಣಗಾಗಿ, ನೆಗಡಿಯಾದವರ ಉಸಿರಿನಂತೆ ಕೇಳುತ್ತಿತ್ತು.

"ನೋಡ್ದಾ," ಎಂದ ಕೆಂಪಯ್ಯ. "ನಾಗರತ್ನ ಹನ್ನೊಂದು ವರ್ಸದಿಂದ ಗಾಜು ನೋಡವ್ಳೆ. ನಾನು ನಲವತ್ತು ವರ್ಸದಿಂದ ಬೆಲ್ಲ ನೋಡಿವ್ನಿ."

ಮದ್ದೂರಿನಲ್ಲಿ ಅವನು ಕಾರು ನಿಲ್ಲಿಸಲು ಹೇಳಿದ. ಬೀಗರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಹತ್ತು ವಡೆ, ದಾರಿಗೆಂದು ತನಗೆ ಒಂದು. ವಡೆ ಕಟ್ಟಿಸಿಕೊಂಡು ಬಂದು ಎಡಗಡೆ ಬಾಗಿಲು ತೆರೆದು ಕೂತ. ಬಾಗಿಲು ಎಳೆದುಕೊಂಡ. ಹಗಲೆಲ್ಲ ಗಾಣದ ಸದ್ದಿನ ನಡುವೆ ಬದುಕುವವರು ಬಾಗಿಲನ್ನು ಮೆಲ್ಲಗೆ ಹಾಕುವುದಿಲ್ಲ. ಹಾಕಿದ್ದು ತಮಗೆ ಕೇಳಿಸಬೇಕು.

ಸದ್ದು ಎರಡು ಬಂದವು. ಮೊದಲನೆಯದು ಬಾಗಿಲಿನದು. ಎರಡನೆಯದು ಒಂದು ಸೇರು ಕಲ್ಲುಸಕ್ಕರೆಯನ್ನು ಯಾರೋ ಮೇಲಿನಿಂದ ಸುರಿದಂತಿತ್ತು.

ಕೆಂಪಯ್ಯ ಎಡಗಡೆ ನೋಡಿದ. ವಡೆ ಅಂಗಡಿ, ಅದರ ಮುಂದಿನ ಜನ, ಅವರ ಅಂಗಿಯ ಗುಂಡಿ ಎಲ್ಲ ಕಂಡವು. ಎರಡು ವರ್ಷದಲ್ಲಿ ಆ ಕಡೆಯ ಲೋಕ ಅಷ್ಟು ಸ್ಪಷ್ಟವಾಗಿ ಕಂಡಿದ್ದು ಅದೇ ಮೊದಲು. ಗಾಜು ಇರಲಿಲ್ಲ. ಅಂಚಿನಲ್ಲಿ ಬೆಲ್ಲ-ಸುಣ್ಣ ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಅದು ಹಿಡಿದುಕೊಂಡಿದ್ದು ನಾಲ್ಕು ಹರಳು.

ಉಳಿದದ್ದೆಲ್ಲ ಒಳಗೆ ಬಿದ್ದಿತ್ತು. ಅಂಗಿಯ ಜೇಬಿನಲ್ಲಿ, ವಡೆಯ ಪೊಟ್ಟಣದಲ್ಲಿ, ಸೀಟಿನ ಸಂದಿಯಲ್ಲಿ. ಕೆಂಪಯ್ಯನ ಎಡಗೈಯಲ್ಲಿ ಎರಡು ಕಡೆ ಗೀರಿ ರಕ್ತ ಬಂದಿತ್ತು. ಕಿವಿಯ ಹತ್ತಿರ ಒಂದು ಹನಿ. ಅವನಿಗೆ ಅದು ಗೊತ್ತಾಗಲಿಲ್ಲ. ಅವನು ಪಕ್ಕದ ಕೌದಿಯನ್ನು ನೋಡುತ್ತಿದ್ದ.

ಚಲುವಮ್ಮ ಹಿಂದೆ ತಿರುಗಿ ಕೌದಿಗೆ ಕೈ ಚಾಚಿದಳು.

"ಮುಟ್ಬ್ಯಾಡ," ಎಂದ ಕೆಂಪಯ್ಯ.

ಒಂದು ಮಡಿಕೆಯನ್ನು ತುದಿ ಹಿಡಿದು ಎತ್ತಿದ. ಅದರೊಳಗೆ ಗಾಜು. ಮುಂದಿನ ಮಡಿಕೆ ಎತ್ತಿದ. ಅದರಲ್ಲೂ ಗಾಜು. ಹರಳುಗಳನ್ನು ಒಂದೊಂದಾಗಿ ಹೆಕ್ಕಲು ನೋಡಿದ. ಹೆಕ್ಕಿದಷ್ಟೂ ಸಿಗುತ್ತಿದ್ದವು. ಕೆಲವು ಕಡಲೆ ಕಾಳಿನಷ್ಟು ದಪ್ಪ, ಕೆಲವು ರವೆಯಷ್ಟು ಸಣ್ಣ. ರವೆಯಷ್ಟು ಇದ್ದವು ಬೆರಳಿಗೆ ಸಿಗಲಿಲ್ಲ, ಬಿಸಿಲಿಗೆ ಹೊಳೆದಾಗ ಮಾತ್ರ ಕಂಡವು.

"ಮಗು ಮಲಗ್ಬೇಕಾಗಿದ್ದು ಇದ್ರ ಮ್ಯಾಲೆ," ಎಂದ.

ಅಪ್ಪು ಇಳಿದು ಬಂದು ಒಳಗೆ ಬಗ್ಗಿ ನೋಡಿದ. "ಅಪ್ಪೋ, ಒಡ್ದಿದ್ದು ಒಡೀತು. ಇನ್ನು ಒಡಿಯಕ್ಕೆ ಏನದೆ? ಸೀಟು ಒದರಿ, ಟವಲ್ ಕಟ್ಕೊಂಡು ಓಗ್ಬುಡಣ. ಬೀಗರು ಕಾಯ್ತಾವ್ರೆ."

"ಅದೂ ಸರಿ ಕಣ," ಎಂದಳು ಚಲುವಮ್ಮ. "ರಾಹುಕಾಲ ಬಂದ್ಬುಡ್ತದೆ."

ಕೆಂಪಯ್ಯ ಫೋನು ತೆಗೆದು ನಾಗರತ್ನಳಿಗೆ ಮಾಡಿದ. "ನಾಗರತ್ನಮ್ಮ. ಮದ್ದೂರಲ್ಲಿ ಓಯ್ತು."

ಅವಳು ಏನು ಎಂದು ಕೇಳಲಿಲ್ಲ. "ಯಾರ್ ಕಣ್ಗಾರ ಬಿತ್ತಾ?"

"ಇಲ್ಲ. ಕೈಗೆ ವಸಿ ಗೀರದೆ."

"ಕಣ್ಣು ಚುಚ್ಚಿದಂಗಾದ್ರೆ ಉಜ್ಜಬ್ಯಾಡಿ. ಚೊಕ್ಕಟ ನೀರಲ್ಲಿ ತೊಳ್ದು ಆಸ್ಪತ್ರೆಗೆ ಓಗಿ. ಮೆಲ್ಗೆ ಇಳ್ದು, ಹೊರ್ಗಡೆ ನಿಂತ್ಕೊಂಡು ಬಟ್ಟೆ ಒದರ್ಕೊಳ್ಳಿ. ಚೂರನ್ನ ಬರಿಗೈಲಿ ಗುಡಿಸ್ಬೇಡಿ, ಪೊರಕೆ ಇಸ್ಕೊಳ್ಳಿ. ಕಿಟಕಿಗೆ ಹೊರ್ಗಡೆಯಿಂದ ದಪ್ಪ ಪ್ಲಾಸ್ಟಿಕ್ ಆಕಿ ಟೇಪು ಸುತ್ತಿ. ಯಾರೂ ಆ ಸೀಟಲ್ಲಿ ಕೂರ್ದೆ ನಿದಾನಕ್ಕೆ ಅಂಗ್ಡಿಗೆ ಬನ್ನಿ. ವಡೆ ಗಿಡೆ ಇದ್ರೆ ಎಸಿರಿ, ತಿನ್ಬ್ಯಾಡಿ."

"ವಡೆ ವಿಚಾರ ನಿಂಗೆಂಗೆ ಗೊತ್ತಾಯ್ತು?"

"ಮದ್ದೂರಿಂದ ಮಾಡ್ತಿದೀರಲ್ಲ ಅಣ್ಣ."

"ನನ್ನ ಬೈಯಲ್ವಾ?"

"ಈಗ ಅಂಗ್ಡೀಲಿ ಗಿರಾಕಿ ಅವ್ರೆ. ಸಂಜೆ ಬೈತೀನಿ."

ಎರಡನೇ ಫೋನು ಕಷ್ಟದ್ದು. ಬೀಗರು ದೇವರಾಜು ಕೇಳಿಸಿಕೊಂಡು ಸಿಡುಕಿದರು.

"ಒಂದು ಗಾಜಿಗೋಸ್ಕರ ವಾಪಸ್ ಓಯ್ತಿದೀರಾ? ನಾವಿಲ್ಲಿ ಎಲ್ಲಾ ಸಿದ್ದ ಮಾಡ್ಕೊಂಡು ಕುಂತಿವಿ. ದೀಪ ಅಚ್ಚೋ ಹೊತ್ನಲ್ಲಿ ಬಾಣಂತಿನ ಕಳ್ಸಲ್ಲ. ನಾಳೆ ಸುಕ್ರವಾರ, ಹೆಣ್ಮಕ್ಳನ್ನ ಕಳ್ಸಲ್ಲ. ಸನಿವಾರ ನಮ್ಮನೇಲಿ ಆಗ್ಬರಲ್ಲ. ಇನ್ನು ಬಾನುವಾರವೇಯ. ರಾಹುಕಾಲಕ್ಕೆ ಮುಂಚೆ ಒಂದು ಟವಲ್ ಕಟ್ಕೊಂಡು ಬನ್ನಿ ಅತ್ಲಾಗೆ."

ಚಲುವಮ್ಮ ಗಂಡನ ಮುಖವನ್ನೇ ನೋಡುತ್ತಿದ್ದಳು. ಹದಿನಾರು ದಿನದಿಂದ ಅವಳು ಮೊಮ್ಮಗಳನ್ನು ಎತ್ತಿಕೊಂಡಿದ್ದು ಒಂದೇ ಸಲ. ಇನ್ನೂ ಮೂರು ದಿನ.

"ಇಲ್ಲ ಬೀಗರೇ," ಎಂದ ಕೆಂಪಯ್ಯ. "ರಾಹುಕಾಲ ಒಂದೂವರೆ ಗಂಟೆ ಇದ್ದು ಓಯ್ತದೆ. ಸೀಟೊಳಗೆ ಓಗಿರೋ ಗಾಜು ಎಸ್ಟು ದಿನ ಇರ್ತದೋ ನಂಗೊತ್ತಿಲ್ಲ. ಬಾನುವಾರ ಬತ್ತೀನಿ."

ದೇವರಾಜು ದನಿ ಇಳಿಸಿ, "ಮಗೀಗೆ ಅಂದ್ರೆ ಸರಿ ಬುಡಿ," ಎಂದು ಫೋನು ಇಟ್ಟರು.

ಮಂಡ್ಯದ ಅಂಗಡಿಯಲ್ಲಿ ನಾಗರತ್ನ ಬಾಗಿಲಿನ ಒಳಹೊದಿಕೆ ಬಿಚ್ಚಿದಳು. ಬಾಗಿಲಿನ ಹೊಟ್ಟೆಯೊಳಗೆ ಒಂದು ಪುಟ್ಟಿ ಗಾಜು, ಎರಡು ವರ್ಷದ ಕಬ್ಬಿನ ತುಂಡುಗಳು, ಮತ್ತು ಮೂರು ತಲೆಮಾರಿನ ಇರುವೆಗಳು ಸಿಕ್ಕಿದವು. ಗಾಳಿ ಎಳೆಯುವ ಯಂತ್ರ ಹಿಡಿದು ಸೀಟು, ಸೀಟಿನ ಸಂದಿ, ಕಾಲಡಿ ಎಲ್ಲ ಎಳೆದಳು. ಮುಗಿಯಿತು ಎಂದ ಮೇಲೆ ಕೆಂಪಯ್ಯ ಇ‌ನ್ನೊಂದು ಸಲ ಎಳೆಯಲು ಹೇಳಿದ. ಅವಳು ಎಳೆದಳು. ಇನ್ನೂ ಆರು ಚೂರು ಬಂದವು. ಅವನು ಮೂರನೇ ಸಲವೂ ಹೇಳಿದ. ಅವಳು ಮತ್ತೆ ಎಳೆದಳು. ಆಗ ಏನೂ ಬರಲಿಲ್ಲ.

"ಅಕ್ಕ, ಗಾಜಿನ ಬದ್ಲು ಪ್ಲಾಸ್ಟಿಕ್ ಹಾಳೆ ಕತ್ರಿಸಿ ಕೂರ್ಸಿದ್ರೆ?" ಎಂದು ಅಪ್ಪು ಕೇಳಿದ. "ನಮ್ ಫ್ಯಾಕ್ಟ್ರಿ ಹುಡ್ಗ ಒಬ್ಬ ಅಂಗೇ ಆಕ್ಸವ್ನೆ. ಒಡಿಯೋದೇ ಇಲ್ವಂತೆ."

"ಎರಡು ತಿಂಗ್ಳಲ್ಲಿ ಮಂಜಾಯ್ತದೆ, ಪಕ್ಕದಲ್ಲಿ ಬರೋ ಗಾಡಿ ಕಾಣಲ್ಲ. ಮನೆ ಕಿಟಕಿ ಗಾಜೂ ಆಕಿಸ್ಬಾರ್ದು. ಅದು ಒಡದ್ರೆ ಕತ್ತಿ ಕತ್ತಿ ಆಗಿ ಸೀಳ್ತದೆ. ನಿಮ್ಮಪ್ಪನ ಕೈ ಎರಡು ಗೀರಲ್ಲಿ ಉಳೀತು ಅಂದ್ರೆ ಅದು ಗಾಡಿ ಗಾಜು ಅಂತ." ನಾಗರತ್ನ ಹೊಸ ಗಾಜಿನ ಮೂಲೆಯನ್ನು ತೋರಿಸಿದಳು. "ಇಲ್ಲಿ ಸಣ್ಣಕ್ಷರ ನೋಡಿ. ಐಎಸ್‌ಐ ಗುರುತು. ನಿಮ್ಮ ಗಾಡಿ ಮಾಡೆಲ್‌ದೇ ಅಳತೆ. ಈ ಗುರುತಿಲ್ದೆ ಯಾರು ಕೊಟ್ರೂ ಇಸ್ಕೋಬ್ಯಾಡಿ. ಇನ್ಸೂರೆನ್ಸು ಇದ್ರೆ ಗಾಜು ಸೇರ್ತದಾ ಕೇಳಿ, ಕೆಲವಕ್ಕೆ ಸೇರ್ತದೆ."

ಕೆಂಪಯ್ಯ ಕನ್ನಡಕ ಹಾಕಿಕೊಂಡು ಗುರುತನ್ನು ಓದಿದ. ಹೊಸ ಕ್ಲಿಪ್ಪು, ಹೊಸ ರಬ್ಬರು, ಹೊಸ ಗಾಜು ಕೂತ ಮೇಲೆ ಹಿಡಿಯನ್ನು ತಾನೇ ತಿರುಗಿಸಿ ನೋಡಿದ. ಗಾಜು ಹೋಯಿತು, ಬಂತು. ಸಂಜೆ ನಾಗರತ್ನ ಹೇಳಿದ ಮಾತಿನಂತೆ ಬೈದಳು. ಅವನು ನಿಂತು ಕೇಳಿದ.

ಭಾನುವಾರ ಬೆಳಿಗ್ಗೆ ದೀಪಿಕ ಮಗುವನ್ನು ಎತ್ತಿಕೊಂಡು ಎಡಗಡೆಯಿಂದಲೇ ಹತ್ತಿದಳು. ಚಲುವಮ್ಮ ಮೂರು ದಿನದಲ್ಲಿ ಇನ್ನೊಂದು ಕೌದಿ ಹೊಲಿದಿದ್ದಳು. ಹಳೆಯದನ್ನು ಒದರಿ ಬಳಸಬಹುದಿತ್ತೇನೋ, ಯಾರಿಗೂ ಮನಸ್ಸು ಬರಲಿಲ್ಲ. ಕೆಂಪಯ್ಯ ಹೊರಗೆ ನಿಂತು, ಎರಡು ಕೈಯಲ್ಲಿ ಬಾಗಿಲನ್ನು ತಳ್ಳಿ, ಕೊಂಡಿ ಬಿದ್ದದ್ದನ್ನು ನೋಡಿ ಮುಂದೆ ಹೋಗಿ ಕೂತ.

ಮದ್ದೂರು ಬರುವಷ್ಟರಲ್ಲಿ ದೀಪಿಕ ಗಾಜಿಗೆ ತಲೆ ಒರಗಿಸಿ ನಿದ್ದೆ ಹೋಗಿದ್ದಳು. ಬಾಣಂತಿಗೆ ನಿದ್ದೆಯೇ ಇರಲಿಲ್ಲ, ಹದಿನೆಂಟು ರಾತ್ರಿಯ ನಿದ್ದೆ ಅದು. ಪಕ್ಕದ ಕೌದಿಯ ಮೇಲೆ ಮಗುವೂ ಬಾಯಿ ತೆರೆದು ಮಲಗಿತ್ತು. ಅಜ್ಜಿಯ ಕೈ ಅದರ ಹೊಟ್ಟೆಯ ಮೇಲಿತ್ತು. ಹಳ್ಳ ಬಂದಾಗಲೆಲ್ಲ ಕೆಂಪಯ್ಯ ಹಿಂದೆ ತಿರುಗಿ ಗಾಜನ್ನು ನೋಡುತ್ತಿದ್ದ.

"ಅದು ಹೊಸ್ದು ಕಣಪ್ಪೋ," ಎಂದ ಅಪ್ಪು. "ಏನೂ ಆಗಲ್ಲ."

"ಗೊತ್ತು. ನೀನು ರಸ್ತೆ ನೋಡ್ಲಾ."

ಅಣ್ಣಂದಿರೇ, ಅಕ್ಕಂದಿರೇ, ಇದನ್ನು ಓದಿ ಮುಗಿಸಿದ ಮೇಲೆ ಹೊರಗೆ ಹೋಗಿ ನಿಮ್ಮ ಗಾಡಿಯ ಪಕ್ಕದ ಗಾಜುಗಳನ್ನು ಒಂದು ಸಲ ನೋಡಿ. ಹಗಲಿನಲ್ಲಿ, ಗಾಡಿ ನಿಂತಿರುವಾಗ. ಗಾಜನ್ನು ಅರ್ಧ ಇಳಿಸಿ ಅಂಚನ್ನು ಕಣ್ಣಿನಲ್ಲಿ ನೋಡಿ, ಬೆರಳು ಹಾಕಬೇಡಿ. ಅಂಚು ಎಲ್ಲಾದರೂ ಮುಕ್ಕಾಗಿದ್ದರೆ, ಉಗುರಿಗೆ ತಡೆಯುವ ಗೀರಿದ್ದರೆ, ಎಷ್ಟು ಒರೆಸಿದರೂ ಪಕ್ಕದ ಕನ್ನಡಿ ಮಸುಕಾಗಿ ಕಂಡರೆ, ಆ ಗಾಜಿನ ಕಾಲ ಮುಗಿದಿದೆ. ಅದಕ್ಕೆ ಅಂಟಿಲ್ಲ, ಟೇಪಿಲ್ಲ, ಬದಲಾಯಿಸುವುದೊಂದೇ. ಗಾಜು ಗಡಗಡ ಎಂದರೆ, ತಾನಾಗಿ ಇಳಿದರೆ, ಗಾಳಿ ನೀರು ಒಳಗೆ ಬಂದರೆ ತಪ್ಪು ರಬ್ಬರಿನದೋ ಕ್ಲಿಪ್ಪಿನದೋ ಇರಬಹುದು. ಮೀಟಲು ಹೋಗಬೇಡಿ, ಗೊತ್ತಿದ್ದವರಿಗೆ ತೋರಿಸಿ. ಆಗ ತೋರಿಸಿದರೆ ಗಾಜು ಉಳಿಯುತ್ತದೆ. ಬದಲಾಯಿಸುವ ತನಕ ಆ ಪಕ್ಕ ಯಾರನ್ನೂ ಕೂರಿಸಬೇಡಿ.

ಪುರುಸೊತ್ತಿಲ್ಲ ಎನ್ನಿಸಿದರೆ, ಆ ಸೀಟಿನಲ್ಲಿ ನಾಳೆ ತಲೆ ಒರಗಿಸಿ ಮಲಗುವವರು ಯಾರೆಂದು ಒಂದು ಸಲ ಅವರ ಹೆಸರು ಹೇಳಿಕೊಳ್ಳಿ. ಪುರುಸೊತ್ತು ಆಗುತ್ತದೆ.